ಕಿವಿಗೆ ಸಿಗದ ಅರ್ಜಿ



ಇವತ್ತು ನಾನು ಮಾತಾಡಲು ಬಂದಿರುವುದು ಸರ್ಕಾರದ ಜಾಲತಾಣಗಳ ಬಗ್ಗೆ. ಕಂಪ್ಯೂಟರಿನ ವಿಷಯ, ನಮಗ್ಯಾಕೆ ಅಂತ ರೇಡಿಯೋ ಆರಿಸಬೇಡಿ. ಪಹಣಿ ತೆಗೆಸುವವರು, ಹೆಸರಿನ ಬೆಳೆಗೆ ವಿಮೆ ಕಟ್ಟುವವರು, ಮಗಳಿಗೆ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸುವವರು, ಅವ್ವನ ಮಾಸಾಶನ ಯಾಕೆ ನಿಂತಿತು ಎಂದು ವಿಚಾರಿಸುವವರು, ಎಲ್ಲರಿಗೂ ಸೇರಿದ ವಿಷಯ ಇದು. ಅದರಲ್ಲೂ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈಬೆರಳು ಸ್ವಾಧೀನದಲ್ಲಿ ಇಲ್ಲದವರಿಗೆ ಬಹಳ ಹತ್ತಿರದ್ದು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿಂದ ಇಲ್ಲಿಯವರೆಗೆ ಮಳೆಯ ಮುನ್ಸೂಚನೆ ಇರಲಿ, ಪೇಟೆ ಧಾರಣೆ ಇರಲಿ, ಹೊಸ ಯೋಜನೆಯ ಸುದ್ದಿ ಇರಲಿ, ಕಣ್ಣಿದ್ದವರಿಗೂ ಕಣ್ಣಿಲ್ಲದವರಿಗೂ ಒಂದೇ ಹೊತ್ತಿಗೆ ಮುಟ್ಟಿದೆ. ಯಾರನ್ನೂ ಕರೆದು ಓದಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ಆದರೆ ಈಗ ಯೋಜನೆಯ ಸುದ್ದಿಯ ಕೊನೆಗೆ ಒಂದು ಮಾತು ಸೇರಿಕೊಂಡಿದೆ: ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸತಕ್ಕದ್ದು. ಅಲ್ಲಿಯವರೆಗೆ ಸಮಾನವಾಗಿ ಬಂದ ಕಣ್ಣಿದ್ದ ರೈತ, ಕಣ್ಣಿಲ್ಲದ ರೈತ ಇಬ್ಬರೂ ಅಲ್ಲಿ ಬೇರೆ ಬೇರೆ ಆಗುತ್ತಾರೆ.

ನವಲಗುಂದ ತಾಲೂಕಿನ ತಿರ್ಲಾಪುರವನ್ನೇ ತಗೊಳ್ಳಿ. ಎರಿ ಹೊಲ, ಹತ್ತಿ, ಕಡಲಿ, ಗೋದಿ, ಮೆಣಸಿನಕಾಯಿಯ ಸೀಮೆ. ಇಂಥ ಊರಿಗೂ ಸರ್ಕಾರಕ್ಕೂ ನಡುವಿನ ವ್ಯವಹಾರ ಇವತ್ತು ಬಹುಪಾಲು ಪರದೆಯ ಮೇಲೆ ನಡೆಯುತ್ತದೆ. ಪಹಣಿಗೆ ‘ಭೂಮಿ’, ಪ್ರಮಾಣಪತ್ರಕ್ಕೆ ನಾಡಕಚೇರಿ, ಬೆಳೆ ವಿಮೆಗೆ ‘ಸಂರಕ್ಷಣೆ’, ರೈತರ ನೋಂದಣಿಗೆ ‘ಫ್ರೂಟ್ಸ್’, ಉಳಿದ ಹತ್ತಾರು ಸೇವೆಗಳಿಗೆ ‘ಸೇವಾ ಸಿಂಧು’. ಅಂಗವೈಕಲ್ಯದ ಪ್ರಮಾಣಪತ್ರವನ್ನೇ ನೋಡಿ. 2021ರ ಜೂನ್ 1ರಿಂದ ಅದನ್ನು ಯು.ಡಿ.ಐ.ಡಿ. ಎಂಬ ಕೇಂದ್ರ ಸರ್ಕಾರದ ಜಾಲತಾಣದ ಮೂಲಕವೇ ಕೊಡಬೇಕು ಎಂದು ಆಯಿತು. ಅಂದರೆ, ನನಗೆ ಕಣ್ಣು ಕಾಣುವುದಿಲ್ಲ ಎಂದು ಸರ್ಕಾರಕ್ಕೆ ತಿಳಿಸುವುದಕ್ಕೂ ಒಂದು ಪರದೆಯನ್ನು ದಾಟಿಯೇ ಹೋಗಬೇಕು.

ಇದರಲ್ಲಿ ಕೆಡುಕೇನೂ ಇಲ್ಲ. ಮನೆಯಲ್ಲಿ ಕೂತು ಅರ್ಜಿ ಹಾಕುವ ಸೌಕರ್ಯ ಯಾರಿಗಾದರೂ ಬಹಳ ಉಪಯೋಗವಾಗುವುದಿದ್ದರೆ ಅದು ಬಸ್ ಹತ್ತಲು ಕಷ್ಟಪಡುವವರಿಗೇ. ತ್ರಿಚಕ್ರ ಬಂಡಿಯಲ್ಲಿ ಓಡಾಡುವ ಒಬ್ಬ ಹೆಣ್ಣುಮಗಳು ತಾಲೂಕು ಕಚೇರಿಯ ಮೆಟ್ಟಿಲು ಹತ್ತದೆ ಕೆಲಸ ಮುಗಿಸಿಕೊಳ್ಳಬಹುದಾದರೆ ಅದಕ್ಕಿಂತ ಬೇರೆ ಏನು ಬೇಕು? ಅದಕ್ಕೇ ನನಗೆ ಸಂಕಟವಾಗುವುದು. ಯಾರಿಗೆ ಹೆಚ್ಚು ನೆರವಾಗಬೇಕಿತ್ತೋ ಅವರನ್ನೇ ಬಾಗಿಲ ಹೊರಗೆ ನಿಲ್ಲಿಸುವ ಹಾಗೆ ಈ ಪುಟಗಳನ್ನು ಕಟ್ಟಿಬಿಟ್ಟಿದ್ದಾರೆ.

ಕಣ್ಣು ಕಾಣದವರು ಫೋನು ಹೇಗೆ ಬಳಸುತ್ತಾರೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯ ಪುಕ್ಕಟೆಯಾಗಿ ಇರುತ್ತದೆ. ಅದನ್ನು ಹಾಕಿದರೆ ಪರದೆಯ ಮೇಲಿನ ಅಕ್ಷರವನ್ನೆಲ್ಲ ಫೋನು ಗಟ್ಟಿಯಾಗಿ ಓದುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ಒತ್ತಿದಂತೆ. ಕಂಪ್ಯೂಟರಿನಲ್ಲಿ ‘ಎನ್‌ವಿಡಿಎ’ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ಯುವಕ 2006ರಲ್ಲಿ ಅದನ್ನು ಶುರುಮಾಡಿದರು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಸಿಗಲಿ ಎಂದು ಇಂದಿಗೂ ಅದನ್ನು ಉಚಿತವಾಗಿಯೇ ಕೊಡುತ್ತಿದ್ದಾರೆ. ಕನ್ನಡವನ್ನೂ ಅದು ಓದುತ್ತದೆ.

ತಿರ್ಲಾಪುರದ ಒಬ್ಬ ಯುವಕರ ಪಕ್ಕದಲ್ಲಿ ಕೂತು ನಾನು ಇದನ್ನು ನೋಡಿದ್ದೇನೆ. ಹುಟ್ಟಿನಿಂದ ಕಣ್ಣಿಲ್ಲ, ಧಾರವಾಡದಲ್ಲಿ ಪದವಿ ಮುಗಿಸಿದವರು. ಫೋನಿನ ದನಿಯನ್ನು ಎಷ್ಟು ವೇಗಕ್ಕೆ ಇಟ್ಟಿದ್ದರೆಂದರೆ ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಅವರು ಮಾತ್ರ ಸರಾಗವಾಗಿ ಪತ್ರಿಕೆ ಓದಿದರು, ವಾಟ್ಸಾಪ್‌ಗೆ ಉತ್ತರ ಬರೆದರು, ತಮ್ಮನಿಗೆ ದುಡ್ಡು ಕಳಿಸಿದರು. ಆಮೇಲೆ ಒಂದು ಸರ್ಕಾರಿ ಜಾಲತಾಣ ತೆರೆದರು. ಅಲ್ಲಿ ಫೋನು ತಡವರಿಸತೊಡಗಿತು. ‘ಎಡಿಟ್ ಬಾಕ್ಸ್’ ಎಂದಿತು. ಮುಂದಕ್ಕೆ ಸರಿಸಿದರೆ ಮತ್ತೆ ‘ಎಡಿಟ್ ಬಾಕ್ಸ್’. ಹೆಸರು ಬರೆಯಬೇಕಾದ ಖಾನೆ ಯಾವುದು, ತಂದೆಯ ಹೆಸರಿನದು ಯಾವುದು, ಪಿನ್‌ಕೋಡಿನದು ಯಾವುದು, ಒಂದನ್ನೂ ಹೇಳಲಿಲ್ಲ. ಕಣ್ಣಿಗೆ ಖಾನೆಯ ಮೇಲೆ ‘ಹೆಸರು’ ಎಂದು ಕಾಣುತ್ತದೆ ನಿಜ. ಆದರೆ ಆ ಅಕ್ಷರಕ್ಕೂ ಆ ಖಾನೆಗೂ ಸಂಬಂಧವಿದೆ ಎಂದು ಪುಟ ಕಟ್ಟಿದವರು ಒಳಗೆ ಬರೆದಿರಲಿಲ್ಲ.

“ಇಲ್ಲಿ ಏನ ಕೇಳಾಕತ್ತಾರ ಅಂತ ಹೇಳವಲ್ದು ನೋಡ್ರಿ,” ಅಂದರು. ಅಂದಾಜಿನ ಮೇಲೆ ತುಂಬಿಕೊಂಡು ಮುಂದೆ ಹೋದರು. ಹುಟ್ಟಿದ ದಿನಾಂಕಕ್ಕೆ ಒಂದು ಕ್ಯಾಲೆಂಡರು ಬಿಚ್ಚಿಕೊಂಡಿತು. ಅದರಲ್ಲಿ ಒಂದೊಂದೇ ತಿಂಗಳು ಹಿಂದೆ ಹೋಗಬೇಕು. ಇಪ್ಪತ್ತು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಲು ಎಷ್ಟು ಸಲ ತಟ್ಟಬೇಕು, ನೀವೇ ಲೆಕ್ಕ ಹಾಕಿ. ಅದನ್ನೂ ಮುಗಿಸಿದರು. ಕೊನೆಗೆ ಬಂತು ಕ್ಯಾಪ್ಚಾ. ಓರೆ-ಕೋರೆಯಾಗಿ ಬರೆದ, ಮೇಲೆ ಗೀರು ಎಳೆದ ಐದಾರು ಅಕ್ಷರ. ಅದನ್ನು ನೋಡಿ ಟೈಪ್ ಮಾಡಿದರೆ ಮಾತ್ರ ಅರ್ಜಿ ಒಳಗೆ ಹೋಗುತ್ತದೆ. ಫೋನು ಅಲ್ಲಿ ಹೇಳಿದ್ದು ಒಂದೇ ಮಾತು: ‘ಇಮೇಜ್’. ಅರ್ಜಿ ಹಾಕುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಖಾತ್ರಿ ಮಾಡಿಕೊಳ್ಳಲು ಈ ಪರೀಕ್ಷೆ ಇಟ್ಟಿರುವುದು. ಕಣ್ಣಿಲ್ಲದ ಮನುಷ್ಯ ಆ ಪರೀಕ್ಷೆಯಲ್ಲಿ ಪಾಸಾಗುವಂತೆಯೇ ಇಲ್ಲ. ಕಿವಿಯಲ್ಲಿ ಕೇಳಿ ಟೈಪ್ ಮಾಡುವ ಇನ್ನೊಂದು ದಾರಿಯನ್ನು ಜೊತೆಗೆ ಇಡಬಹುದಿತ್ತು. ಮೊಬೈಲಿಗೆ ಓ.ಟಿ.ಪಿ. ಬಂದ ಮೇಲೆ ಈ ಪರೀಕ್ಷೆಯೇ ಬೇಕಾಗಿರಲಿಲ್ಲ.

ಅವರು ಪಕ್ಕದ ಮನೆಯ ಹುಡುಗಿಯನ್ನು ಕೂಗಿದರು. “ಬಂದೆ ಅಣ್ಣಾ” ಅಂತ ಓಡಿ ಬಂದಳು, ಕೈಯಲ್ಲಿ ಹಿಟ್ಟು ಇನ್ನೂ ಹಾಗೇ ಇತ್ತು. ಅಷ್ಟರೊಳಗೆ ಓ.ಟಿ.ಪಿ.ಯ ಹೊತ್ತು ಮೀರಿ, ಪುಟ ಮೊದಲಿಗೆ ಹೋಯಿತು. ತುಂಬಿದ್ದೆಲ್ಲ ಅಳಿಸಿತು. ಆ ಯುವಕರು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ ಒಂದು ಮಾತು ಕೇಳಿದರು: “ನನ್ನ ಆಧಾರ ನಂಬರ ಈ ಓಣ್ಯಾಗ ಎಷ್ಟ ಮಂದಿಗೆ ಬಾಯಿಪಾಠ ಐತಿ ಗೊತ್ತೇನ್ರಿ? ಓದಿ ಓದಿ ಅವರಿಗೇ ಬಂದೈತಿ.”

ನಾನು ಇಷ್ಟು ಹೊತ್ತು ಹೇಳಬೇಕೆಂದಿದ್ದದ್ದು ಈ ಮಾತಿನಲ್ಲಿ ಇದೆ. ಜಾಲತಾಣ ಓದದಿದ್ದರೆ ಕೆಲಸ ತಡವಾಗುವುದಷ್ಟೇ ಅಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಓ.ಟಿ.ಪಿ., ವೈದ್ಯರು ಬರೆದ ಕಾಯಿಲೆಯ ವಿವರ, ಮನೆಯ ಆದಾಯ, ಇವೆಲ್ಲವನ್ನೂ ಆ ಮನುಷ್ಯ ಇನ್ನೊಬ್ಬರ ಮುಂದೆ ಬಿಚ್ಚಿಡಬೇಕು. ಓದಿಕೊಡುವವರು ಒಳ್ಳೆಯವರೇ ಇರಬಹುದು. ನಮ್ಮ ಹಳ್ಳಿಗಳಲ್ಲಿ ಅಂಥವರೇ ಹೆಚ್ಚು. ಆದರೂ ಯಾರ ಮುಂದೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಆಯ್ಕೆ ಕಣ್ಣಿದ್ದ ನಮಗೆಲ್ಲ ಇದೆ, ಅವರಿಗೆ ಇಲ್ಲ.

“ಊರಾಗ ಗ್ರಾಮ ಒನ್ ಸೇವಾ ಕೇಂದ್ರ ಐತಿ, ಪಂಚಾಯ್ತಿಯೊಳಗ ವಿ.ಆರ್.ಡಬ್ಲ್ಯೂ. ಅದಾರ, ಅವರ ಕಡೆ ಮಾಡಿಸ್ಕೊಂಡ್ರ ಆತಲ್ಲ” ಎಂದು ಕೇಳುವವರಿದ್ದಾರೆ. ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಗ್ಗೆ ನನಗೆ ಬಹಳ ಗೌರವವಿದೆ. ಕಡಿಮೆ ಗೌರವಧನಕ್ಕೆ ಮನೆಮನೆ ತಿರುಗುತ್ತಾರೆ, ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಸಹಾಯ ಬೇಕೆನ್ನುವವರಿಗೆ ಅವರ ಸಹಾಯ ಸಿಗಲೇಬೇಕು. ನಾನು ಕೇಳುವುದು ತಾನೇ ಮಾಡಿಕೊಳ್ಳಬಲ್ಲವನ ಪರವಾಗಿ. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ಸೀಮೆಯವರು ನಾವು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಇಬ್ಬರೂ ಅಂಧರು. ಎಷ್ಟು ಮಕ್ಕಳಿಗೆ ಸಂಗೀತ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದರು! ಪುಟ್ಟರಾಜರು ಪುಸ್ತಕ ಬರೆದರು, ನಾಟಕ ಬರೆದರು, 2010ರಲ್ಲಿ ಪದ್ಮಭೂಷಣ ಪಡೆದರು. ಕಣ್ಣಿಲ್ಲದವರಿಗೆ ಏನು ಸಾಧ್ಯ ಎಂಬುದನ್ನು ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಇನ್ನು ಕನ್ನಡಕ್ಕೇ ವಿಶೇಷವಾದ ಒಂದು ತೊಡಕು ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಚೇರಿಯಲ್ಲಿ ಕೂತು ಟೈಪ್ ಮಾಡುವ ನಮ್ಮ ಗುಮಾಸ್ತರು ಮನಸ್ಸು ಮಾಡಿದರೆ ನಾಳೆಯೇ ಇದನ್ನು ಸರಿಪಡಿಸಬಹುದು.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಕಷ್ಟವಿದ್ದ ಕಾಲದಲ್ಲಿ ‘ನುಡಿ’ ಮತ್ತು ‘ಬರಹ’ ನಮ್ಮ ಕೈಹಿಡಿದವು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡ ಇಷ್ಟು ಬೇಗ ಬರುತ್ತಿರಲಿಲ್ಲ. ಆ ಕೆಲಸ ದೊಡ್ಡದು. ಆದರೆ ಆಗ ಅನುಸರಿಸಿದ ಉಪಾಯ ಏನೆಂದರೆ, ಕಡತದೊಳಗೆ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟು, ಅವು ಕಣ್ಣಿಗೆ ಕನ್ನಡದಂತೆ ಕಾಣುವ ಹಾಗೆ ಫಾಂಟ್ ತಯಾರಿಸುವುದು. ದೊಡ್ಡಾಟದಲ್ಲಿ ಊರ ಹುಡುಗ ಕಿರೀಟ ಕಟ್ಟಿ ಅರ್ಜುನನಾದ ಹಾಗೆ. ‘ಕರ್ನಾಟಕ’ ಎಂಬ ಶಬ್ದವನ್ನೇ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಇರುವ ಜಾಗದಲ್ಲಿ ಒಳಗೆ ಕೂತಿರುವುದು ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರ, ಅದರ ಪಕ್ಕ ತಲೆಯ ಮೇಲೆ ಗೀರು ಹೊತ್ತ ಒಂದು ‘ಎ’. ‘ನ’ ಇರಬೇಕಾದಲ್ಲಿ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತು. ‘ಟ’ಕ್ಕೆ ಸಣ್ಣ ‘ಎಲ್’. ಕಣ್ಣಿಗೆ ಫಾಂಟಿನ ಬಣ್ಣ ಕಾಣುತ್ತದೆ, ಅದು ‘ಕರ್ನಾಟಕ’ ಎಂದು ಓದಿಕೊಳ್ಳುತ್ತದೆ. ಓದುವ ಯಂತ್ರ ಒಳಗಿರುವುದನ್ನು ಓದುತ್ತದೆ. ‘ಪಿ, ಎ, ಪೌಂಡ್’ ಎಂದು ಅದು ಗೊಣಗುವುದನ್ನು ಕೇಳಿದರೆ ಅದು ನಮ್ಮ ನಾಡಿನ ಹೆಸರು ಎಂದು ಯಾರೂ ಊಹಿಸಲಾರರು.

ಇದಕ್ಕೆ ಮದ್ದು ಬಂದು ಬಹಳ ಕಾಲವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ಹೊರಬಂದಾಗ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಯೂನಿಕೋಡ್‌ನಲ್ಲಿ ಬರೆದ ‘ಕ’ ಒಳಗೂ ‘ಕ’, ಹೊರಗೂ ‘ಕ’. ಯಾವ ಫೋನಾದರೂ ಓದುತ್ತದೆ. ಈಗಿನ ‘ನುಡಿ’ಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ಅದೇ ವಿನ್ಯಾಸ, ಬೆರಳಿಗೆ ಹೊಸ ಅಭ್ಯಾಸ ಬೇಕಾಗಿಲ್ಲ. ಹೀಗಿದ್ದೂ ಆದೇಶಗಳು, ಸುತ್ತೋಲೆಗಳು, ಫಲಾನುಭವಿಗಳ ಪಟ್ಟಿಗಳು ಹಳೆಯ ಫಾಂಟಿನಲ್ಲೇ ಪಿ.ಡಿ.ಎಫ್. ಆಗಿ ಜಾಲತಾಣ ಸೇರುವುದು ನಿಂತಿಲ್ಲ. ಕಣ್ಣಿದ್ದವರಿಗೂ ಇದರಿಂದ ನಷ್ಟವಿದೆ. ಅಂಥ ಕಡತದಲ್ಲಿ ನಿಮ್ಮ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ, ಗೂಗಲ್ ಕೂಡ ಅದನ್ನು ಹುಡುಕಿಕೊಡದು.

ಅದಕ್ಕಿಂತ ಕಷ್ಟದ್ದು ಇನ್ನೊಂದು. ಆದೇಶವನ್ನು ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಅದನ್ನು ಸ್ಕ್ಯಾನ್ ಮಾಡಿ ಹಾಕುವುದು. ಆಗ ಅದು ಬರಹವಾಗಿ ಉಳಿಯುವುದಿಲ್ಲ, ಬರೀ ಚಿತ್ರ. ಚಿತ್ರದಿಂದ ಕನ್ನಡ ಅಕ್ಷರ ಬಿಡಿಸಿ ಓದುವ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದೆ. ಪುಸ್ತಕ ಓದಲು ಅಂಥ ಸಾಧನ ದೊಡ್ಡ ವರ. ಆದರೆ ಓರೆಯಾಗಿ ಸ್ಕ್ಯಾನ್ ಆದ, ಅಕ್ಷರದ ಮೇಲೆಯೇ ಮೊಹರು ಬಿದ್ದ ಪುಟದಲ್ಲಿ ಇಂಥ ಯಾವ ಯಂತ್ರವಾದರೂ ತಪ್ಪುತ್ತದೆ. ಟೈಪ್ ಮಾಡಿದ ಮೂಲ ಕಡತ ಕಚೇರಿಯ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನೂ ಪಕ್ಕದಲ್ಲಿ ಹಾಕಲು ಒಂದು ನಿಮಿಷ ಸಾಕು.

ಕಣ್ಣಿನ ಮಾತೇ ಹೆಚ್ಚಾಯಿತು. ಕಿವಿ ಕೇಳದವರಿಗೆ ಯೋಜನೆಯ ವಿಡಿಯೋ ಹಾಕಿದರೆ ಕೆಳಗೆ ಬರಹ ಬೇಕು, ಸಾಧ್ಯವಾದಲ್ಲಿ ಸಂಜ್ಞಾ ಭಾಷೆಯೂ ಬೇಕು. ಸಹಾಯವಾಣಿಗೆ ಕರೆ ಮಾಡಿ ಎಂದಷ್ಟೇ ಬರೆದರೆ ಅವರೇನು ಮಾಡಬೇಕು? ಕೈ ನಡುಗುವವರಿಗೆ ಗುಂಡಿಗಳು ದೊಡ್ಡದಾಗಿರಬೇಕು, ಮೌಸ್ ಹಿಡಿಯಲಾಗದವರಿಗೆ ಬರೀ ಕೀಲಿಮಣೆಯಿಂದಲೇ ಕೆಲಸ ಮುಗಿಯಬೇಕು. ಬಣ್ಣ ಗುರುತಿಸಲಾಗದವರಿಗೆ ತಪ್ಪನ್ನು ಕೆಂಪಿನಲ್ಲಿ ತೋರಿಸಿದರೆ ಸಾಲದು, ಅಕ್ಷರದಲ್ಲಿ ಹೇಳಬೇಕು. ಬೆರಳಚ್ಚು ಮೂಡದವರಿಗೆ ಬೇರೆ ದಾರಿ ತೆರೆದಿರಬೇಕು, ಕುಷ್ಠದಿಂದ ಬೆರಳು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಇನ್ನು ವಯಸ್ಸಾದವರು. ಕನ್ನಡಕ ಹಾಕಿಯೂ ತಿಳಿಬೂದು ಬಣ್ಣದ ಸಣ್ಣ ಅಕ್ಷರ ಓದಲಾಗದ ಹಿರಿಯರು ಯಾರ ಮನೆಯಲ್ಲಿ ಇಲ್ಲ?

ಇವು ನನ್ನ ಸ್ವಂತ ಬೇಡಿಕೆಗಳಲ್ಲ. ಜಾಲತಾಣಗಳು ಎಲ್ಲರಿಗೂ ದಕ್ಕುವಂತೆ ಹೇಗಿರಬೇಕೆಂದು ಅಂತರರಾಷ್ಟ್ರೀಯ ಒಕ್ಕೂಟವೊಂದು 1999ರಲ್ಲೇ ಸೂತ್ರಗಳನ್ನು ಹೊರಡಿಸಿದೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ ನಾಲ್ಕೂವರೆ ಪಟ್ಟು ವ್ಯತ್ಯಾಸವಿರಬೇಕು ಎಂಬಷ್ಟರ ಮಟ್ಟಿಗೆ ಅವು ಈಗ ನಿಖರವಾಗಿವೆ. ಅವನ್ನೇ ಆಧರಿಸಿ ನಮ್ಮ ಕೇಂದ್ರ ಸರ್ಕಾರ 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ತಂದಿತು, 2018ರಲ್ಲಿ ಪರಿಷ್ಕರಿಸಿತು, 2023ರಲ್ಲಿ ಮತ್ತೆ ಪರಿಷ್ಕರಿಸಿತು. ನಡುವೆ 2012ರಲ್ಲಿ ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ದೇಶದ 7,800 ಸರ್ಕಾರಿ ಜಾಲತಾಣಗಳನ್ನು ಪರೀಕ್ಷೆಗೆ ಒಡ್ಡಿತು. ಅದರಲ್ಲಿ 1,985 ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಬಹುಪಾಲಿನಲ್ಲಿ ಅಡೆತಡೆಗಳು ಸಿಕ್ಕವು. ಆ ವರದಿಯ ನಂತರ ಎಷ್ಟೋ ತಾಣಗಳು ಸುಧಾರಿಸಿವೆ, ಅಕ್ಷರ ಹಿಗ್ಗಿಸುವ ಗುಂಡಿಗಳು ಬಂದಿವೆ. ಆದರೆ ಮೇಲೆ ಆ ಗುಂಡಿ ಇಟ್ಟು, ಕೆಳಗೆ ಅರ್ಜಿಯ ಖಾನೆಗೆ ಹೆಸರು ಕೊಡದಿದ್ದರೆ ಏನು ಬಂತು?

ಹೊರದೇಶದ ಒಂದು ಪ್ರಸಂಗ ಹೇಳುತ್ತೇನೆ. ಸಿಡ್ನಿಯಲ್ಲಿ 2000ದ ಒಲಿಂಪಿಕ್ಸ್ ನಡೆಯುವ ಮುಂಚೆ ಬ್ರೂಸ್ ಮಗೈರ್ ಎಂಬ ಅಂಧರು ಒಲಿಂಪಿಕ್ಸ್ ಜಾಲತಾಣವನ್ನು ತಮ್ಮಿಂದ ಓದಲಾಗುತ್ತಿಲ್ಲ ಎಂದು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಸರಿಪಡಿಸಲು ಬಹಳ ಖರ್ಚು, ಬಹಳ ಸಮಯ ಬೇಕು ಎಂದು ಸಂಘಟಕರು ವಾದಿಸಿದರು. ಆಯೋಗ ಒಪ್ಪಲಿಲ್ಲ, ಕೊನೆಗೆ 20,000 ಡಾಲರ್ ಪರಿಹಾರ ಕೊಡಬೇಕಾಯಿತು. ಖರ್ಚಿನ ಮಾತು ಇಲ್ಲಿಯೂ ಕೇಳಿಬರುತ್ತದೆ. ಕಟ್ಟುವಾಗಲೇ ಖಾನೆಗೆ ಹೆಸರು ಕೊಡಲು ಯಾವ ಖರ್ಚೂ ಇಲ್ಲ. ಕಟ್ಟಿ ಮುಗಿದ ಮೇಲೆ ಒಡೆದು ಕಟ್ಟುವುದಕ್ಕೆ ಖರ್ಚು.

ನಮ್ಮ ಕಾನೂನು ಏನು ಹೇಳುತ್ತದೆ? ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಅದು ಈ 21ರ ಪಟ್ಟಿ ಬರುವ ಮುಂಚಿನ ಲೆಕ್ಕ. ಕಾಯಿದೆಯ 42ನೇ ಕಲಂ ಪ್ರಕಾರ ವಿದ್ಯುನ್ಮಾನ ಮಾಧ್ಯಮದಲ್ಲಿರುವ ಮಾಹಿತಿ ಅವರಿಗೆ ದಕ್ಕುವ ರೂಪದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು. ಕಾಯಿದೆ ಮೀರಿದರೆ ಮೊದಲ ಸಲ ಹತ್ತು ಸಾವಿರದವರೆಗೆ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ.

ಆದರೂ ಅದರ ಕೆಳಗಿನ ನಿಯಮಗಳು ಸಲಹೆಯ ರೂಪದಲ್ಲೇ ಉಳಿದಿದ್ದವು. ರಾಜೀವ್ ರಾತೂರಿ ಎಂಬ ಅಂಧರು 2005ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಸಲಹೆ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಮುಂದೆ 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು. ಆಸಿಡ್ ದಾಳಿಗೆ ಒಳಗಾಗಿ ರೆಪ್ಪೆ ಮುಚ್ಚಲಾಗದವರಿಗೆ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿದರೆ ಮಾತ್ರ ಕೆ.ವೈ.ಸಿ., ಅಂದರೆ ಗುರುತಿನ ಪರಿಶೀಲನೆ, ಮುಗಿಯುತ್ತದೆ ಎಂದರೆ ಅವರು ಏನು ಮಾಡಬೇಕು ಎಂಬುದು ಪ್ರಗ್ಯಾ ಪ್ರಸೂನ್ ಪ್ರಕರಣದ ಪ್ರಶ್ನೆ. ಡಿಜಿಟಲ್ ಸೇವೆ ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ಹಾಗಾಗಿ ತಿರ್ಲಾಪುರದ ಆ ಯುವಕರು ಯಾರ ಹತ್ತಿರವೂ ಉಪಕಾರ ಬೇಡುತ್ತಿಲ್ಲ.

ಕಚೇರಿಗಳಲ್ಲಿ ಕೆಲಸ ಮಾಡುವ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಪುಟ ಜನರಿಗೆ ಬಿಡುವ ಮುಂಚೆ ಕಣ್ಣು ಕಾಣದ ಒಬ್ಬರನ್ನು ಕರೆದು, ಅವರ ಫೋನಿನಲ್ಲೇ ಅರ್ಜಿಯನ್ನು ಕೊನೆಯವರೆಗೆ ಹಾಕಿಸಿ ನೋಡಿ. ಎಲ್ಲಿ ನಿಂತರು ಎಂಬುದನ್ನು ಬರೆದುಕೊಳ್ಳಿ. ಅದಕ್ಕೆ ಅವರಿಗೆ ಸಂಭಾವನೆಯನ್ನೂ ಕೊಡಿ, ಅದು ಪರಿಣತಿಯ ಕೆಲಸ.

ತೊಂದರೆ ಅನುಭವಿಸುತ್ತಿರುವ ಕೇಳುಗರು ದೂರು ಕೊಡಲು ಹಿಂಜರಿಯಬೇಡಿ. ರಾಜ್ಯದ ಜಾಲತಾಣವಾದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರಿಗೆ, ಕೇಂದ್ರದ್ದಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ ಬರೆಯಿರಿ. ‘ಸೈಟ್ ಸರಿಯಿಲ್ಲ’ ಎಂದಷ್ಟೇ ಬರೆದರೆ ಕೆಲಸವಾಗದು. ಯಾವ ಸೇವೆ, ಯಾವ ಪುಟ, ಯಾವ ದಿನ, ಯಾವ ಫೋನು, ಯಾವ ಖಾನೆಯ ಹತ್ತಿರ ದನಿ ಏನು ಹೇಳಿತು ಅಥವಾ ಏನೂ ಹೇಳಲಿಲ್ಲ, ಕ್ಯಾಪ್ಚಾಕ್ಕೆ ಕೇಳುವ ದಾರಿ ಇತ್ತೋ ಇಲ್ಲವೋ, ಇಷ್ಟನ್ನು ಬರೆಯಿರಿ. ಸಾಧ್ಯವಾದರೆ ಪರದೆಯನ್ನು ದನಿಸಹಿತ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಆಧಾರ್ ಸಂಖ್ಯೆ ಅದರಲ್ಲಿ ಬರದಂತೆ ನೋಡಿಕೊಳ್ಳಿ. ದೂರು ಬರೆಯಲು ನಿಮ್ಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ರಾಜ್ಯ ಆಯುಕ್ತರು ಇಲಾಖೆಗೆ ಶಿಫಾರಸು ಮಾಡಿದರೆ, ಏನು ಕ್ರಮ ಕೈಗೊಂಡೆವು ಎಂದು ಇಲಾಖೆ ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕೆಂದು ಕಾಯಿದೆಯ 81ನೇ ಕಲಂ ಹೇಳುತ್ತದೆ. ಆ ಕಲಂನ ಸಂಖ್ಯೆಯನ್ನೂ ನಿಮ್ಮ ದೂರಿನಲ್ಲಿ ಬರೆಯಿರಿ.